ಮೊಳದ ದನಿ, ಮಾರಿನ ದನಿ

ಶಾಲೆ ಶುರುವಾಗಿ ಎರಡು ತಿಂಗಳಾಯಿತೆಂದರೆ ಸಾಕು, ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬರುವ ಪತ್ರಗಳಲ್ಲಿ ಒಂದೇ ಗೋಳು: ತರಗತಿಯ ಗದ್ದಲ. ಈ ಸಲದ ಓದುಗರ ಪ್ರಶ್ನೋತ್ತರವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದನ್ನು ಓದಿಕೊಂಡರೆ ಉಳಿದವು ಬೇಗ ತಿಳಿಯುತ್ತವೆ.

ಪ್ರಶ್ನೆ: ನಮ್ಮದು ನಲಿ-ಕಲಿ ತರಗತಿ. ಒಂದರಿಂದ ಮೂರನೆಯ ತರಗತಿವರೆಗಿನ 28 ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪಾಗಿ ಕೂಡುತ್ತಾರೆ. ಮಾತಾಡದಿದ್ದರೆ ಗುಂಪಿನ ಕೆಲಸ ಆಗುವುದಿಲ್ಲ, ಮಾತಾಡಿದರೆ ಸಂತೆ. "ಸುಮ್ಮ ಕೂಡ್ರಿ" ಎಂದು ಒದರಿದರೆ ಎರಡು ನಿಮಿಷ ತಣ್ಣಗಾಗಿ ಮತ್ತೆ ಅದೇ ಹಾಡು. ಸಂಜೆಗೆ ನನ್ನ ಗಂಟಲೇ ಇರುವುದಿಲ್ಲ. ಏನು ಮಾಡಲಿ?
— ಶಿಕ್ಷಕಿ, ಸೇಡಂ ತಾಲೂಕು

ಉತ್ತರ: "ಸುಮ್ಮ ಕೂಡ್ರಿ" ಎಂದ ಬಾಯಲ್ಲೇ ನೀವು ಮಾತಾಡದೆ ಆಗದಂಥ ಕೆಲಸವನ್ನೂ ಕೊಟ್ಟಿರುತ್ತೀರಿ. ಹಾಗಾದರೆ ಎಷ್ಟು ಮೆಲ್ಲಗೆ ಮಾತಾಡಬೇಕು? ಆ ಅಳತೆಯನ್ನು ಮಗುವಿಗೆ ಯಾರೂ ಕೊಟ್ಟಿಲ್ಲ. ಈ ಬದುವಿನಲ್ಲಿ ನಿಂತು ಆ ಬದುವಿನಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯುವ ಮಗು ಅದು. ಆ ದನಿಯಲ್ಲಿ ಅದು ಚೆನ್ನಾಗಿ ಪಳಗಿದೆ, ಅದು ತಪ್ಪೂ ಅಲ್ಲ. ತಗ್ಗಿದ ದನಿ ಬೇರೆಯೇ ವಿದ್ಯೆ. ಅಕ್ಷರ ತಿದ್ದಿಸಿದ ಹಾಗೆ ಅದನ್ನೂ ಕೂತು ತಿದ್ದಿಸಬೇಕು.

ಗದ್ದಲ ಮತ್ತೆ ಮತ್ತೆ ಏರುವುದಕ್ಕೆ ಕಿವಿಯೂ ಕಾರಣ. ಸುತ್ತ ಸದ್ದು ಹೆಚ್ಚಿದಾಗ ನಮಗೆ ಅರಿವಿಲ್ಲದೆಯೇ ನಮ್ಮ ದನಿ ಏರುತ್ತದೆ. ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಪ್ರಕಟಿಸಿದ, ಈಗಲೂ ಇದಕ್ಕೆ ಲೊಂಬಾರ್ ಪರಿಣಾಮ ಎಂದೇ ಹೆಸರು. ಒಂದು ಗುಂಪು ದನಿ ಏರಿಸಿತು, ಪಕ್ಕದ ಗುಂಪಿಗೆ ತಮ್ಮ ಮಾತು ತಮಗೇ ಕೇಳದಾಯಿತು, ಅವರೂ ಏರಿಸಿದರು. ಅವರೆಲ್ಲರ ಮೇಲೆ ನೀವು. ನೀವು ಒದರಿದಾಗ ಗದ್ದಲಕ್ಕೆ ಇನ್ನೊಂದು ದನಿ ಸೇರಿತು, ಅಷ್ಟೆ. ಮೊದಲು ಇಳಿಯಬೇಕಾದದ್ದು ನಿಮ್ಮ ದನಿ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇವೆ.

"ಮೆಲ್ಲಕ ಮಾತಾಡ್ರಿ" ಎಂದರೆ ಆರು ವರ್ಷದ ಮಗುವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ದೂರದ ಅಳತೆ ಹೇಳಿದರೆ ಸಿಗುತ್ತದೆ. ಹೂವಿನ ಮಾಲೆ ಮೊಳದ ಲೆಕ್ಕದಲ್ಲಿ, ಹಗ್ಗ ಮಾರಿನ ಲೆಕ್ಕದಲ್ಲಿ ಇವತ್ತಿಗೂ ಸಂತೆಯಲ್ಲಿ ಮಾರಾಟವಾಗುತ್ತದೆ, ಮಕ್ಕಳು ಅದನ್ನು ನೋಡಿರುತ್ತಾರೆ. ದನಿಗೂ ಅದೇ ಅಳತೆ ಕೊಡಿ. ಪಕ್ಕದವನಿಗೆ ಮಾತ್ರ ಮುಟ್ಟುವುದು ಮೊಳದ ದನಿ. ಗುಂಪಿನಲ್ಲಿ ಕೂತವರಿಗೆಲ್ಲ ಮುಟ್ಟುವುದು ಮಾರಿನ ದನಿ. ಎದ್ದು ನಿಂತು ಎಲ್ಲರಿಗೂ ಓದಿ ಹೇಳುವುದು ಕೋಣೆಯ ದನಿ. ಆಟದ ಬಯಲಿಗೆ ಹೊಲದ ದನಿ. ಮೊಳ, ಮಾರು ಎರಡನ್ನೂ ಮಕ್ಕಳು ತಮ್ಮ ಮೈಯಿಂದಲೇ ಅಳೆಯಲಿ: ಮೊಣಕೈಯಿಂದ ನಡುಬೆರಳ ತುದಿಗೆ ಮೊಳ, ಎರಡೂ ಕೈ ಚಾಚಿದರೆ ಮಾರು. ಆರು ವರ್ಷದವರ ಮೊಳ ಹೆಚ್ಚುಕಡಿಮೆ ಒಂದು ಅಡಿ. ಮಾರು ಅವರ ಎತ್ತರದಷ್ಟೇ, ಅಂದರೆ ನಾಲ್ಕು ಅಡಿಗೆ ತುಸು ಕಡಿಮೆ. ನಾಲ್ಕು ಮೊಳ ಒಂದು ಮಾರು ಎಂಬ ಗಣಿತವೂ ಇದರಲ್ಲೇ ಮುಗಿಯುತ್ತದೆ.

ಪಿಸುಮಾತನ್ನು ಈ ಅಳತೆಯಿಂದ ಬೇಕೆಂದೇ ಬಿಟ್ಟಿದ್ದೇವೆ. ಪಿಸುಗುಟ್ಟುವಾಗ ಗಂಟಲಿನ ತಂತುಗಳು ಅದುರುವುದಿಲ್ಲ, ಬರೀ ಗಾಳಿ. ದೂರ ಮುಟ್ಟಿಸಬೇಕೆಂದು ಮಗು ಆ ಗಾಳಿಯನ್ನೇ ಒತ್ತಿ ಒತ್ತಿ ಬಿಡುತ್ತದೆ. ಕೋಣೆ ತುಂಬ ಹಾವು ಬುಸುಗುಟ್ಟಿದ ಹಾಗೆ ಸದ್ದು, ಮಾತು ಮಾತ್ರ ಯಾರಿಗೂ ತಿಳಿಯುವುದಿಲ್ಲ. ವ್ಯತ್ಯಾಸ ತೋರಿಸುವುದು ಸುಲಭ. ಮಕ್ಕಳು ಗಂಟಲ ಮೇಲೆ ಎರಡು ಬೆರಳಿಟ್ಟು "ಅಮ್ಮ" ಅನ್ನಲಿ. ಬೆರಳಿಗೆ ಜುಮ್ಮೆಂದರೆ ಅದು ಮೊಳದ ದನಿ, ಎಷ್ಟು ಸಣ್ಣದಾದರೂ ಸರಿ. ಬೆರಳಿಗೆ ಏನೂ ಹತ್ತದಿದ್ದರೆ ಪಿಸುಮಾತು.

ಇನ್ನು ಪಾಠ. ದಿನಕ್ಕೆ 15 ನಿಮಿಷ, ಆರು ದಿನ, ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ. ಗದ್ದಲ ಎದ್ದ ಹೊತ್ತಿನಲ್ಲಿ ಕಲಿಸಲು ಹೋಗಬೇಡಿ, ಆಗ ಅದು ಪಾಠವಾಗುವುದಿಲ್ಲ, ಬೈಗಳಾಗುತ್ತದೆ.

ಮೊದಲ ದಿನ ಬಯಲಿಗೆ ಕರೆದುಕೊಂಡು ಹೋಗಿ ಹೊಲದ ದನಿಯಿಂದಲೇ ಶುರು ಮಾಡಿ. ಅರ್ಧ ಮಕ್ಕಳು ಒಂದು ಕಡೆ, ಅರ್ಧ ಮಕ್ಕಳು ಮೂವತ್ತು ಹೆಜ್ಜೆ ಆಚೆ. ಹೆಸರು ಹಿಡಿದು ಕೂಗಲಿ, ಮನಸಾರೆ ಕೂಗಲಿ. ಆಮೇಲೆ ಹತ್ತು ಹೆಜ್ಜೆಗೆ ಬನ್ನಿ, ಆಮೇಲೆ ಒಂದು ಮಾರಿಗೆ, ಕೊನೆಗೆ ಒಂದು ಮೊಳಕ್ಕೆ. ಪ್ರತಿ ಸಲ ಕೇಳಬೇಕಾದ ಪ್ರಶ್ನೆ ಒಂದೇ: "ನಿನ್ ಮಾತು ಯಾರಿಗಿ ಮುಟ್ಟಬೇಕು?" ದೂರ ಕಡಿಮೆಯಾದಂತೆ ದನಿ ತಾನಾಗಿ ಇಳಿಯುವುದನ್ನು ಮಕ್ಕಳೇ ಗಮನಿಸುತ್ತಾರೆ.

ಎರಡನೆಯ, ಮೂರನೆಯ ದಿನ ಕೋಣೆಯೊಳಗೆ, ಮೂವರ ಆಟ. ಈ ಆಟವೇ ಇಡೀ ಪಾಠದ ಜೀವ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂಡುತ್ತಾರೆ. ಮೂರನೆಯವರು ಕಾವಲು, ಅವರಿಂದ ಸರಿಯಾಗಿ ಒಂದು ಮಾರು ದೂರ, ಬೆನ್ನು ತಿರುಗಿಸಿ. ಹೇಳುವವರ ಕೈಯಲ್ಲಿ ಮೂರು ಚಿತ್ರದ ಕಾರ್ಡು: ಕಣ್ಣು, ಹಣ್ಣು, ಮಣ್ಣು. ಒಂದನ್ನು ಆರಿಸಿಕೊಂಡು ಮೊಳದ ದನಿಯಲ್ಲಿ ಹೇಳಬೇಕು. ಪಕ್ಕದವರು ಸರಿಯಾದ ಕಾರ್ಡು ಮುಟ್ಟಿದರೆ ಒಂದು ಹುಣಸೆ ಬೀಜ, ಕಾವಲಿಗೆ ಅದು ಯಾವುದೆಂದು ತಿಳಿಯದಿದ್ದರೆ ಇನ್ನೊಂದು ಬೀಜ. ಕಾವಲಿನವರು ಸರಿಯಾಗಿ ಹೇಳಿಬಿಟ್ಟರೆ ಆ ಬೀಜ ಅವರಿಗೆ. ಐದು ಸರದಿ ಆದ ಮೇಲೆ ಜಾಗ ಬದಲು. ಪ್ರಾಸದ ಶಬ್ದಗಳನ್ನೇ ಕೊಡುವುದಕ್ಕೆ ಕಾರಣವಿದೆ. ಮೂರರಲ್ಲೂ ಸ್ವರ ಒಂದೇ, ಬೇರೆಯಾಗಿರುವುದು ಮೊದಲ ವ್ಯಂಜನ ಮಾತ್ರ. ದೂರ ಹೋದಂತೆ ಮೊದಲು ಕಳೆದುಹೋಗುವುದೂ ವ್ಯಂಜನವೇ. ಹಾಗಾಗಿ ಕಾವಲಿಗೆ ಊಹೆಯಲ್ಲಿ ಗೆಲ್ಲಲು ಕಷ್ಟ, ಹೇಳುವವರು ತುಟಿ-ನಾಲಗೆ ಸರಿಯಾಗಿ ಆಡಿಸಲೇಬೇಕು. ದನಿ ಇಳಿದಷ್ಟೂ ಉಚ್ಚಾರ ಬಿಗಿಯಾಗಬೇಕು ಎಂಬುದು ಉಪದೇಶವಿಲ್ಲದೆ ತಲೆಗೆ ಹೋಗುತ್ತದೆ.

ಆಟದಲ್ಲಿ ಎರಡು ತೊಡಕು ಬರುತ್ತವೆ. ಕೆಲವರು ಪಕ್ಕದವರ ಕಿವಿಗೇ ಬಾಯಿಡುತ್ತಾರೆ; ಬಾಯಿಗೂ ಕಿವಿಗೂ ನಡುವೆ ಒಂದು ಮೊಳದ ಕಡ್ಡಿ ಇಟ್ಟರೆ ಸರಿಹೋಗುತ್ತದೆ. ಇನ್ನು ಒಂಬತ್ತು ತಂಡಗಳೂ ಒಟ್ಟಿಗೆ ಆಡಿದರೆ ಯಾರ ಕಾವಲೂ ನಡೆಯುವುದಿಲ್ಲ. ಆಟದ ಮೊದಲ ದಿನ ಮೂರು ತಂಡ ಆಡಲಿ, ಉಳಿದವರು ನೋಡಲಿ.

ನಾಲ್ಕನೆಯ ದಿನ ಮಾರಿನ ದನಿ, ಅದೇ ಆಟವನ್ನು ಐದಾರು ಮಂದಿಯ ಗುಂಪಿನಲ್ಲಿ. ಐದನೆಯ ದಿನ ದನಿ ಬದಲಿಸುವುದು. ಎಲ್ಲರಿಗೂ ಬರುವ ಒಂದು ಹಾಡು ಶುರು ಮಾಡಿ ನೀವು ನಡುನಡುವೆ ಕೈ ತೋರಿಸಿ: ಮೊಣಕೈ ಮುಟ್ಟಿಕೊಂಡರೆ ಮೊಳ, ಕೈ ಚಾಚಿದರೆ ಮಾರು. ಏರಿಸುವುದು ಎಲ್ಲರಿಗೂ ಬರುತ್ತದೆ, ಇಳಿಸುವುದು ಬರುವುದಿಲ್ಲ. ಹಾಗಾಗಿ ಮಾರಿನಿಂದ ಮೊಳಕ್ಕೆ ಬರುವುದನ್ನೇ ಹೆಚ್ಚು ಮಾಡಿಸಿ. ಆರನೆಯ ದಿನ ನಿಜವಾದ ಗುಂಪಿನ ಕೆಲಸದಲ್ಲಿ ಐದೇ ನಿಮಿಷ. ಐದು ನಿಮಿಷ ಹಿಡಿದರೆ ನಿಲ್ಲಿಸಿಬಿಡಿ, ಗೆದ್ದಾಗಲೇ ನಿಲ್ಲಿಸಬೇಕು. ಮರುವಾರ ಎಂಟು ನಿಮಿಷ, ಅದರಾಚೆ ಹನ್ನೆರಡು. ಇಪ್ಪತ್ತು ನಿಮಿಷದ ಗುಂಪಿನ ಕೆಲಸ ಹದವಾಗಿ ನಡೆಯಲು ಒಂದು ತಿಂಗಳು ಹಿಡಿದರೆ ಅದು ನಿಧಾನವೇನಲ್ಲ. ದಸರಾ ರಜೆ ಮುಗಿಸಿ ಬಂದವರಿಗೆ ಎರಡು ದಿನ ಮತ್ತೆ ಮೊದಲಿನಿಂದ.

ಕೂಡಿಸುವ ರೀತಿಯಲ್ಲೇ ಅರ್ಧ ಕೆಲಸ ಆಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ತಿರುಗಿಸಿ ನೋಡಿ: ನಾಲ್ಕು ಅಡಿ ಎದುರಿಗೆ ಕೂತವರನ್ನು ಒಂದು ಅಡಿಗೆ ಪಕ್ಕಕ್ಕೆ ತಂದರೆ ದೂರ ಎರಡು ಸಲ ಅರ್ಧವಾಯಿತು, ಅಷ್ಟೇ ಕೇಳಿಸಲು 12 ಡೆಸಿಬಲ್ ಕಡಿಮೆ ದನಿ ಸಾಕು. ಕೋಣೆಯೊಳಗೆ ಪ್ರತಿಧ್ವನಿ ಇರುವುದರಿಂದ ಲಾಭ ಇಷ್ಟು ಪೂರ್ತಿ ಸಿಗದು, ಆದರೂ ಕಿವಿಗೆ ಗೊತ್ತಾಗುವಷ್ಟು ಸಿಗುತ್ತದೆ. ಆದ್ದರಿಂದ ಇಬ್ಬರೇ ಮಾಡುವ ಚಟುವಟಿಕೆಯನ್ನು ವೃತ್ತದಲ್ಲಿ ಮಾಡಿಸಬೇಡಿ. ಪಕ್ಕಪಕ್ಕ ಕೂಡಿಸಿ ಕಾರ್ಡನ್ನು ಇಬ್ಬರ ತೊಡೆಯ ನಡುವೆ ಇಡಿ. ಸ್ವಕಲಿಕೆಯ ಗುಂಪನ್ನು ಒಂದು ಮೂಲೆಗೆ ಹಾಕಿ. ಸಹಪಾಠಿಗಳ ಸಹಾಯದಿಂದ ಕಲಿಯುವ ಎರಡು ಗುಂಪುಗಳೇ ಹೆಚ್ಚು ಮಾತಾಡುವವು, ಅವೆರಡನ್ನು ಒಂದರ ಪಕ್ಕ ಒಂದು ಕೂಡಿಸಬೇಡಿ. ಗುಂಪು ಬದಲಿಸುವಾಗ ಐದು ಗುಂಪೂ ಒಟ್ಟಿಗೆ ಏಳುವ ಬದಲು ಒಂದೊಂದಾಗಿ ಏಳಲಿ, ದಿನದ ದೊಡ್ಡ ಗದ್ದಲ ಹುಟ್ಟುವುದು ಆ ಹೊತ್ತಿನಲ್ಲೇ.

ಸದ್ದು ಏರಿದಾಗ ಚಪ್ಪಾಳೆ ಬಡಿದರೆ ಅದೂ ಒಂದು ಸದ್ದು. ಭಜನೆಯ ತಾಳ ಇರುತ್ತದಲ್ಲ, ಜೋಡಿಯಲ್ಲಿ ಒಂದನ್ನು ದಾರದಿಂದ ತೂಗಿಬಿಟ್ಟು ಪೆನ್ಸಿಲಿನಿಂದ ಅಂಚಿಗೆ ಒಮ್ಮೆ ಮಾತ್ರ ತಟ್ಟಿ. ಬೆರಳು ತಾಗಿದರೆ ನಾದ ಅಲ್ಲೇ ಸಾಯುತ್ತದೆ, ದಾರವನ್ನಷ್ಟೇ ಹಿಡಿಯಿರಿ. ನಾದ ಪೂರ್ತಿ ಅಡಗಿತು ಅನ್ನಿಸಿದಾಗ ಮಕ್ಕಳು ಬೆರಳೆತ್ತಬೇಕು. ಅಡಗುವುದನ್ನು ಕೇಳಬೇಕಾದರೆ ತಾವು ಸುಮ್ಮನಿರಲೇಬೇಕಲ್ಲ. ಕೊನೆಯ ಬೆರಳು ಎದ್ದ ಮೇಲೂ ಮನಸ್ಸಿನಲ್ಲಿ ಮೂರು ಎಣಿಸಿ, ಆಮೇಲೆ ನೀವು ಮಾರಿನ ದನಿಗಿಂತ ತುಸುವೇ ಮೇಲೆ ಮಾತಾಡಿ. ನಿಮ್ಮ ದನಿ ಇಳಿಯಬೇಕು ಎಂದದ್ದು ಇದನ್ನೇ. ನಾದ ಇನ್ನೂ ಇರುವಾಗಲೇ "ಹಾಂ, ಈಗ ಎಲ್ಲಾರೂ ನೋಡ್ರಿ" ಎಂದು ಶುರು ಮಾಡಿದರೆ ವಾರದಲ್ಲಿ ತಾಳಕ್ಕೆ ಬೆಲೆ ಹೋಗುತ್ತದೆ. ಒಂದು ತಾಸಿಗೆ ಮೂರು ಸಲಕ್ಕಿಂತ ಹೆಚ್ಚು ತಟ್ಟಬೇಕಾಗಿ ಬಂದರೆ ತಪ್ಪು ಮಕ್ಕಳಲ್ಲಿಲ್ಲ. ಕೆಲಸ ತೀರ ಉದ್ದವಾಗಿದೆ, ಇಲ್ಲವೇ ಏನು ಮಾಡಬೇಕೆಂದು ಅರ್ಧ ಮಕ್ಕಳಿಗೆ ತಿಳಿದಿಲ್ಲ.

ಒಂದು ಹಳೆಯ ಪದ್ಧತಿಯನ್ನು ಬಿಡಬೇಕು: ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಲೀಡರ್. ಹತ್ತು ನಿಮಿಷ ಅದು ಕೆಲಸ ಮಾಡುತ್ತದೆ, ಆಮೇಲೆ "ನನ್ ಹೆಸರ್ ಯಾಕ್ ಬರ್ದಿ" ಎಂಬ ಜಗಳ. ಅಷ್ಟರಲ್ಲಿ ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ಒದರುತ್ತಿರುವವನು ಆ ಲೀಡರೇ ಆಗಿರುತ್ತಾನೆ. ಹೊಗಳುವುದಾದರೆ ಮಗುವನ್ನಲ್ಲ, ಆದ ಕೆಲಸವನ್ನು ಹೆಸರಿಸಿ: "ಈ ಗುಂಪಿನ ಮಾತು ನನಗ ಕೇಳಲಿಲ್ಲ, ಖರೇ ಲೆಕ್ಕ ಮುಗದದ."

ಪ್ರಶ್ನೆ: ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮೂರ ಶಾಲೆಯ ಕೋಣೆಗೆ ನೆಲ ಶಹಾಬಾದಿ ಪರ್ಸಿ, ಗೋಡೆ ಕಲ್ಲು, ಮೇಲೆ ತಗಡು. ನಾಲ್ಕು ಮಕ್ಕಳು ಮಾತಾಡಿದರೂ ನಲವತ್ತು ಮಂದಿ ಮಾತಾಡಿದ ಹಾಗೆ ಗುಂಯ್‌ಗುಡುತ್ತದೆ. ಕಡಿಮೆ ಖರ್ಚಿನಲ್ಲಿ ಏನಾದರೂ ಆಗುತ್ತದೆಯೇ? ತತ್ತಿ ಟ್ರೇ ಅಂಟಿಸಿ ಎನ್ನುತ್ತಾರೆ.
— ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ

ಉತ್ತರ: ತತ್ತಿ ಟ್ರೇ ಬೇಡ. ಅದು ತೆಳು ರಟ್ಟು, ಮಾತಿನ ಸದ್ದನ್ನು ಹೀರುವುದು ಅಷ್ಟಕ್ಕಷ್ಟೆ, ಕಿಡಿ ತಾಗಿದರೆ ಮಾತ್ರ ಭಗ್ಗೆನ್ನುತ್ತದೆ. ಥರ್ಮೊಕೋಲ್ ಕೂಡ ಹಾಗೇ. ನಿಮ್ಮಲ್ಲಿ ಅದಕ್ಕಿಂತ ಒಳ್ಳೆಯ ವಸ್ತು ಮನೆಮನೆಯಲ್ಲಿದೆ: ಕೌದಿ.

ಲೆಕ್ಕ ಹೀಗೆ. ಕೋಣೆ 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಎನ್ನೋಣ. ಹೆಚ್ಚುಕಡಿಮೆ 6 ಮೀಟರ್, 6 ಮೀಟರ್, 3 ಮೀಟರ್, ಅಂದರೆ 108 ಘನ ಮೀಟರ್. ಸದ್ದು ಅಡಗಲು ಎಷ್ಟು ಸೆಕೆಂಡು ಬೇಕು ಎಂಬುದಕ್ಕೆ ಸೇಬಿನ್ ಸೂತ್ರವಿದೆ: ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಚದರ ಮೀಟರಿನಿಂದ ಭಾಗಿಸಬೇಕು. ಕಲ್ಲು, ಪರ್ಸಿ, ತಗಡು ನೂರಕ್ಕೆ ಎರಡು ಪಾಲೂ ಹೀರುವುದು ಕಷ್ಟ. ಎಲ್ಲ ಸೇರಿ 3 ಚದರ ಮೀಟರಿನಷ್ಟು ಎಂದಿಟ್ಟುಕೊಳ್ಳಿ. ತೆರೆದ ಬಾಗಿಲು, ಕಿಟಕಿಯಿಂದ ಸದ್ದು ಹೊರಗೆ ಹೋಗಿಬಿಡುವುದರಿಂದ ಅದು ಪೂರ್ತಿ ಲೆಕ್ಕಕ್ಕೆ, ಸುಮಾರು 5. ಮೂವತ್ತು ಮಕ್ಕಳ ಮೈ, ಬಟ್ಟೆ ಸೇರಿ 8ರ ಆಸುಪಾಸು. ಒಟ್ಟು 16, ಉತ್ತರ 1.1 ಸೆಕೆಂಡು. ಕಿಟಕಿ-ಬಾಗಿಲು ಮುಚ್ಚಿದರೆ ಒಂದೂವರೆ ಸೆಕೆಂಡು ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ತರಗತಿಗೆ ಹೇಳಿದ್ದು 0.6 ಸೆಕೆಂಡು, ಜೊತೆಗೆ ಪಾಠದ ಹೊತ್ತಿನಲ್ಲಿ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎಂದು.

ಹಳೆ ಸೀರೆ ಪದರ ಪದರ ಇಟ್ಟು ಹೊಲಿದ ದಪ್ಪ ಕೌದಿ, 7 ಅಡಿಗೆ 5 ಅಡಿಯದ್ದು, ಆರು ಬೇಕು. ಗೋಡೆಗೆ ಅಂಟಿದಂತೆ ಹಾಕಬಾರದು, ಮೂರು-ನಾಲ್ಕು ಇಂಚು ಬಿಟ್ಟು ಬಿದಿರು ಗಳಕ್ಕೆ ತೂಗುಬಿಡಬೇಕು. ಹಿಂದಿನ ಗಾಳಿಯ ಜಾಗವೂ ಹೀರುವ ಕೆಲಸ ಮಾಡುತ್ತದೆ. ಹೀಗೆ ತೂಗಿದರೆ ತನ್ನ ಮೇಲೆ ಬಿದ್ದ ಮಾತಿನ ಸದ್ದಿನಲ್ಲಿ ಸುಮಾರು ಅರ್ಧವನ್ನು ಹೀರುತ್ತದೆ ಎಂದು ಹಿಡಿದರೆ ಆರರಿಂದ 10 ಚದರ ಮೀಟರ್ ಸೇರಿತು. 26ರಿಂದ ಭಾಗಿಸಿ ನೋಡಿ: 0.67 ಸೆಕೆಂಡು. ಆರನ್ನೂ ಒಂದೇ ಗೋಡೆಗೆ ಹಾಕಬೇಡಿ. ಎದುರುಬದುರು ಬರಿ ಗೋಡೆಗಳಿದ್ದರೆ ಸದ್ದು ಅವುಗಳ ನಡುವೆ ಚೆಂಡಿನಂತೆ ಓಡಾಡುತ್ತದೆ. ಅಕ್ಕಪಕ್ಕದ ಎರಡು ಗೋಡೆಗೆ ಮೂರು ಮೂರು ಹಾಕಿದರೆ ಎರಡೂ ಜೋಡಿಗೆ ಕೆಲಸ ಆಗುತ್ತದೆ. ನಲಿ-ಕಲಿಯ ಮಕ್ಕಳ ಬೋರ್ಡು ಗೋಡೆಯ ಕೆಳಭಾಗದಲ್ಲಿರುತ್ತದೆ, ಅದರ ಮೇಲಿಂದ ಶುರು ಮಾಡಿ. ಸ್ವಿಚ್ ಬೋರ್ಡಿನ ಹತ್ತಿರ ಬೇಡ. ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯಬೇಕು, ಇಲ್ಲವಾದರೆ ದಮ್ಮಿನ ತೊಂದರೆ ಇರುವ ಮಕ್ಕಳಿಗೆ ಧೂಳು ಕಾಡುತ್ತದೆ. ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಖಾಲಿ ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿ, ಸದ್ದಿನ ಬಾಲ ಕತ್ತರಿಸಿದ್ದು ಕಿವಿಗೇ ತಿಳಿಯುತ್ತದೆ.

ನೆಲಕ್ಕೆ ಜಮಖಾನೆ ಹಾಸಿದರೆ ಗುಂಯ್‌ಗುಡುವುದು ಬಹಳ ಇಳಿಯದು, ಆದರೆ ಕಾಲು, ಪಾಟಿ, ಕಂಪಾಸ್ ಡಬ್ಬಿಯ ಸದ್ದು ನಿಲ್ಲುತ್ತದೆ. ಕಬ್ಬಿಣದ ಬೆಂಚು ಪರ್ಸಿಯ ಮೇಲೆ ಕಿರ್ರೆನ್ನುತ್ತಿದ್ದರೆ ಸೈಕಲ್ ಅಂಗಡಿಯಿಂದ ಹಳೆ ಟ್ಯೂಬ್ ತಂದು, ಎರಡು ಪದರ ಮಡಚಿ ಕಾಲಿಗೆ ತಂತಿಯಿಂದ ಬಿಗಿಯಿರಿ. ಫ್ಯಾನಿನ ಬಟ್ಟಲು ಕಟಕಟ ಎನ್ನುತ್ತಿದ್ದರೆ ಅದರ ಸ್ಕ್ರೂ ಬಿಗಿಸಿ; ಬೇಸಿಗೆಯಲ್ಲಿ ಇಡೀ ದಿನ ಅದರ ಮೇಲೆ ದನಿ ಏರಿಸಿ ಮಾತಾಡುವುದೇ ಮಕ್ಕಳಿಗೆ ರೂಢಿಯಾಗುತ್ತದೆ. ತಗಡಿನ ಮೇಲೆ ಜೋರು ಮಳೆ ಬಿದ್ದಾಗ ಮಾತ್ರ ಯಾವ ಕೌದಿಯೂ ಏನೂ ಮಾಡದು. ಆ ಹೊತ್ತಿಗೆಂದೇ ಬರೆಯುವ, ಬಣ್ಣ ಹಚ್ಚುವ ಕೆಲಸ ತೆಗೆದಿಡಲು ಶಿಕ್ಷಕರಿಗೆ ಹೇಳಿ.

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. ಮನೆಯಲ್ಲೂ ಶಾಲೆಯಲ್ಲೂ ಒದರಿಯೇ ಮಾತಾಡುತ್ತಾನೆ. ಟೀಚರ್ ದಿನಾ ದೂರುತ್ತಾರೆ. ಇದು ಚಾಳಿಯೋ, ಕಿವಿಯ ತೊಂದರೆಯೋ? ನಮ್ಮತ್ತೆ ಕಿವಿಗೆ ಎಣ್ಣೆ ಬಿಡು ಎನ್ನುತ್ತಾರೆ.
— ತಾಯಿ, ಭಾಲ್ಕಿ

ಉತ್ತರ: ಎಣ್ಣೆ ಬೇಡ, ಪಿನ್ನು-ಕಡ್ಡಿಯಂತೂ ಬೇಡವೇ ಬೇಡ. ಪರದೆಯಲ್ಲಿ ತೂತಿದ್ದರೆ ಎಣ್ಣೆ ಒಳಗಿಳಿದು ಸೋಂಕು ತರುತ್ತದೆ.

ಮೊದಲು ಮನೆಯನ್ನು ನೋಡಿ. ಟಿವಿ ಹಚ್ಚಿಟ್ಟೇ ಮಾತಾಡುತ್ತೀರಾ? ಅಡುಗೆಮನೆಯಿಂದ ಪಡಸಾಲೆಗೆ ಕೂಗುತ್ತೀರಾ? ಕಿವಿ ಮಂದವಾದ ಹಿರಿಯರು ಮನೆಯಲ್ಲಿದ್ದಾರಾ? ಹಾಗಿದ್ದರೆ ಹುಡುಗ ಕಲಿತದ್ದನ್ನೇ ಆಡುತ್ತಿದ್ದಾನೆ. ಎರಡು ವಾರ ಒಂದೇ ನಿಯಮ ಹಿಡಿಯಿರಿ: ಏನೇ ಹೇಳುವುದಿದ್ದರೂ ಹತ್ತಿರ ಹೋಗಿ ಹೇಳುವುದು. ಅವನು ದೂರದಿಂದ ಕೂಗಿದರೆ ಉತ್ತರ ಕೂಗಬೇಡಿ, "ಇಲ್ಲಿ ಬಂದು ಹೇಳಪ್ಪ" ಎಂದು ಕೈಯಿಂದ ಕರೆಯಿರಿ.

ಇದರ ಜೊತೆಗೇ ಕಿವಿಯನ್ನೂ ನೋಡಿಸಿ, ಕಾಯಬೇಡಿ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, "ಆಂ? ಆಂ?" ಎನ್ನುತ್ತಾನೆ, ಟಿವಿಗೆ ತೀರ ಹತ್ತಿರ ಹೋಗುತ್ತಾನೆ, ಒಂದೇ ಕಿವಿ ಮುಂದೆ ತರುತ್ತಾನೆ, ಬಾಯಿ ತೆರೆದು ಮಲಗುತ್ತಾನೆ, ಪದೇ ಪದೇ ನೆಗಡಿ, ಕಿವಿ ಸೋರುವುದು: ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಆಗಲೇಬೇಕು. ಈ ವಯಸ್ಸಿನಲ್ಲಿ ಹೆಚ್ಚು ಕಾಣುವುದು ನೆಗಡಿಯ ನಂತರ ಪರದೆಯ ಹಿಂದೆ ನೀರು ನಿಲ್ಲುವುದು. ಇದರಲ್ಲಿ ನೋವು ಇರದೆಯೂ ಇರಬಹುದು, ಹಾಗಾಗಿ ಗೊತ್ತಾಗುವುದಿಲ್ಲ. ಇನ್ನೊಂದು ಮಾತು, ಕೇಳಿಸದ ಮಗು ಯಾವಾಗಲೂ ಒದರುತ್ತದೆ ಎಂದೇನಿಲ್ಲ. ನಡುಗಿವಿಯ ತೊಂದರೆಯಿದ್ದಾಗ ತನ್ನ ದನಿ ತಲೆಯೊಳಗೇ ಜೋರಾಗಿ ಕೇಳಿ, ಕೆಲವರು ತೀರ ಮೆಲ್ಲಗೆ ಮಾತಾಡುವುದೂ ಉಂಟು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. 2013ರಿಂದ ನಡೆಯುತ್ತಿರುವ ಈ ತಪಾಸಣೆ ಉಚಿತ. ಬಂದಾಗ ಕಿವಿಯ ಸಂಶಯವನ್ನು ನೀವೇ ಬಾಯಿಬಿಟ್ಟು ಹೇಳಿ. ಅವರು ಬರುವ ತನಕ ಕಾಯಲಾಗದಿದ್ದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಐದು ವರ್ಷದ ಮಗು ಹೆಡ್‌ಫೋನ್ ಹಾಕಿಕೊಂಡು ಸದ್ದು ಕೇಳಿದಾಗ ಕೈ ಎತ್ತುವ ಪರೀಕ್ಷೆಗೆ ಸಾಮಾನ್ಯವಾಗಿ ಒಗ್ಗುತ್ತದೆ. ಮನೆಯಲ್ಲೇ ಎರಡು ದಿನ ಆಟದಂತೆ ಆಡಿಸಿ ಕರೆದುಕೊಂಡು ಹೋದರೆ ಅಲ್ಲಿ ಹೆದರುವುದಿಲ್ಲ. ದನಿ ಒಡೆದು ಗೊಗ್ಗರಾಗಿ ಎರಡು ವಾರ ದಾಟಿದ್ದರೆ ಅದನ್ನೂ ತೋರಿಸಿ. ಒದರಿ ಒದರಿ ಧ್ವನಿತಂತುಗಳ ಮೇಲೆ ಗಂಟು ಬರುವುದು ಮಕ್ಕಳಲ್ಲೂ ಇದೆ.

ಪ್ರಶ್ನೆ: ಅಂಗನವಾಡಿಯ ಮೂರು-ನಾಲ್ಕು ವರ್ಷದವರಿಗೆ ಇದೆಲ್ಲ ಸಾಧ್ಯವೇ?
— ಕಾರ್ಯಕರ್ತೆ, ಚಿತ್ತಾಪುರ

ಉತ್ತರ: ನಾಲ್ಕು ದನಿ ಬೇಡ, ಒಳಗಿನ ದನಿ ಮತ್ತು ಹೊರಗಿನ ದನಿ, ಎರಡೇ ಸಾಕು. ಹೊಸ್ತಿಲೇ ಗಡಿ. ಒಳಗೆ ಬರುವಾಗ ಹೊಸ್ತಿಲ ಹತ್ತಿರ ನಿಂತು ಎಲ್ಲರೂ ಒಮ್ಮೆ ಒಳಗಿನ ದನಿಯಲ್ಲಿ ತಮ್ಮ ಹೆಸರು ಹೇಳಿ ದಾಟಲಿ. ಬಟ್ಟೆಯ ಗೊಂಬೆಯೊಂದನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ, "ಕೂಸು ಮಲಗ್ಯಾದ" ಎಂದು ಸುತ್ತ ಕೂತು ಜೋಗುಳ ಹಾಡಿಸಿ. ಎರಡು ನಿಮಿಷ, ಹೆಚ್ಚೆಂದರೆ ಮೂರು. ಅದಾದ ಕೂಡಲೇ ಹೊರಗೆ ಓಡಲು ಬಿಡಬೇಕು. ಈ ವಯಸ್ಸಿನವರು ಒಬ್ಬರೇ ಆಡುವಾಗಲೂ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ, ಅದು ಅವರು ಯೋಚಿಸುವ ರೀತಿ. ಅದನ್ನು ನಿಲ್ಲಿಸಲು ಹೋಗಬೇಡಿ.

ಪ್ರಶ್ನೆ: ನಮ್ಮದು ತಾಂಡಾದ ಶಾಲೆ. ಹೊರಗೆ ಲಂಬಾಣಿಯಲ್ಲಿ ಗಂಟಲು ಹರಿಯುವಂತೆ ಕೂಗಾಡುವ ಹುಡುಗಿ ಒಳಗೆ ಬಂದರೆ ತುಟಿ ಪಿಟಕ್ಕೆನ್ನುವುದಿಲ್ಲ. "ಜೋರಾಗಿ ಹೇಳು" ಎಂದಷ್ಟೂ ಇನ್ನೂ ಮುದುಡುತ್ತಾಳೆ.
— ಶಿಕ್ಷಕ, ಚಿಂಚೋಳಿ ತಾಲೂಕು

ಉತ್ತರ: ಗದ್ದಲ ಇಳಿಸುವ ಭರದಲ್ಲಿ ಇಂಥವರು ಕಣ್ಣಿಗೆ ಬೀಳುವುದೇ ಇಲ್ಲ. ನೀವು ಗಮನಿಸಿದ್ದು ಒಳ್ಳೆಯದಾಯಿತು. ಮೊಳ, ಮಾರಿನ ಅದೇ ಏಣಿಯನ್ನು ಇವಳಿಗೆ ಕೆಳಗಿನಿಂದ ಹತ್ತಿಸಿ. ನೀವೇ ಮೊಳದ ದೂರಕ್ಕೆ ಹೋಗಿ ಪಕ್ಕದಲ್ಲಿ ಕೂಡಿ, ಎದುರಿಗಲ್ಲ. ಮೊದಲು ಲಂಬಾಣಿಯಲ್ಲೇ ಹೇಳಲಿ, ನಿಮಗೆ ತಿಳಿಯದಿದ್ದರೆ ಮೂರನೆಯ ತರಗತಿಯ ಮಗುವೊಂದು ಕನ್ನಡದಲ್ಲಿ ಹೇಳಲಿ. ಮೊಳದ ದನಿ ಗಟ್ಟಿಯಾಗುವ ತನಕ ಮಾರಿಗೆ ಕರೆಯಬೇಡಿ. ಹೀಗೂ ಶಾಲೆಯ ಮೊದಲ ತಿಂಗಳು ಕಳೆದ ಮೇಲೆ ಇನ್ನೂ ಒಂದು ತಿಂಗಳು ಯಾವ ಭಾಷೆಯಲ್ಲೂ, ಯಾರೊಂದಿಗೂ ಶಾಲೆಯೊಳಗೆ ಮಾತಾಡದಿದ್ದರೆ, ಅದು ಹಟವಲ್ಲ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಲು ತಾಯಿಗೆ ಹೇಳಿ.

ಪ್ರಶ್ನೆ: ಬಾಯಿಗೆ ಕರವಸ್ತ್ರ ಕಟ್ಟುವುದು, ಬಾಯಿ ಮೇಲೆ ಬೆರಳಿಟ್ಟು ಅರ್ಧ ತಾಸು ನಿಲ್ಲಿಸುವುದು, ಇವು ಹೊಡೆತವಲ್ಲವಲ್ಲ?
— ಬಸವಕಲ್ಯಾಣ

ಉತ್ತರ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಬಾಯಿ ಕಟ್ಟುವುದು ಅಪಾಯವೂ ಹೌದು, ಮೂಗು ಕಟ್ಟಿದ ಮಗುವಿಗೆ ಉಸಿರಾಡಲು ಇರುವುದು ಬಾಯಿ ಒಂದೇ.

ಪ್ರಶ್ನೆ: ಸದ್ದು ಅಳೆಯುವ ಮೊಬೈಲ್ ಆ್ಯಪ್ ಹಚ್ಚಿ ಮಕ್ಕಳಿಗೆ ತೋರಿಸಬಹುದೇ?
— ಕಲಬುರಗಿ ನಗರ

ಉತ್ತರ: ಫೋನಿನ ಮೈಕನ್ನು ಅಳತೆಗೆಂದು ಹೊಂದಿಸಿರುವುದಿಲ್ಲ, ಹಾಗಾಗಿ ಅದು ತೋರಿಸುವ ಅಂಕಿಯನ್ನು ನಂಬಬೇಡಿ. ಒಂದೇ ಫೋನು, ಒಂದೇ ಜಾಗದಲ್ಲಿಟ್ಟು ನಿನ್ನೆ-ಇವತ್ತಿನ ಹೋಲಿಕೆಗೆ ನೀವು ನೋಡಿಕೊಳ್ಳಬಹುದು. ಮಕ್ಕಳ ಎದುರು ಮಾತ್ರ ಇಡಬೇಡಿ. ಮುಳ್ಳು ಎಲ್ಲಿಯವರೆಗೆ ಹೋಗುತ್ತದೋ ನೋಡೋಣ ಎಂದು ಕೂಗದ ಮಗು ಇನ್ನೂ ಹುಟ್ಟಿಲ್ಲ.

ಪ್ರಶ್ನೆ: ಗಂಟಲು ಕೆಟ್ಟ ದಿನ ಪಿಸುಮಾತಿನಲ್ಲೇ ಪಾಠ ಮಾಡುತ್ತೇನೆ. ಸರಿಯೇ?
— ಶಿಕ್ಷಕಿ, ಸುರಪುರ

ಉತ್ತರ: ಅದು ವಿಶ್ರಾಂತಿಯಲ್ಲ. ಕೋಣೆಗೆಲ್ಲ ಕೇಳಲೆಂದು ಪಿಸುಗುಟ್ಟುವಾಗ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಮಕ್ಕಳನ್ನು ಹತ್ತಿರ ಕರೆದು ಮೊಳದ ದನಿಯಲ್ಲಿ ಹೇಳಿ, ಉಳಿದದ್ದನ್ನು ಬೋರ್ಡಿನ ಮೇಲೆ ಬರೆಯಿರಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಬದಲು ಒಂದು ಗುಟುಕು ನೀರು ಕುಡಿಯಿರಿ. ನಮ್ಮ ಬೇಸಿಗೆಯಲ್ಲಿ ಮೇಜಿನ ಮೇಲೆ ನೀರಿನ ಬಾಟಲಿ ಸದಾ ಇರಬೇಕು. ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸುಣ್ಣದ ಪುಡಿ ಗಂಟಲಿಗೆ ಹೋಗುವುದಿಲ್ಲ. ಮೂರು ವಾರವಾದರೂ ದನಿ ತಿರುಗದಿದ್ದರೆ ಗಂಟಲು ತಜ್ಞರಿಗೆ ತೋರಿಸಿ.